ಬಿಚ್ಚಿ ಒಯ್ಯಬಹುದಾದ ಬೀರು

ನಾನು ದೆಹಲಿಗೆ ಬಂದದ್ದು ಎರಡೇ ವರ್ಷದ ಮಟ್ಟಿಗೆ. ಹೀಗೆ ಹೇಳಿಕೊಳ್ಳತೊಡಗಿ ಒಂಬತ್ತು ವರ್ಷವಾಯಿತು.

ಇಲ್ಲಿನ ಕನ್ನಡಿಗರಲ್ಲಿ ಇದೊಂದು ವ್ರತ. ಯುಗಾದಿ ಊಟಕ್ಕೆ ಕೂತರೆ ಎಡಕ್ಕೂ ಬಲಕ್ಕೂ ‘ಮುಂದಿನ ವರ್ಷ ಹೊರಟೇಬಿಡ್ತೀವಿ’ ಎನ್ನುವವರೇ. ಮರುವರ್ಷವೂ ಅದೇ ಪಂಕ್ತಿ, ಅದೇ ಮಾತು. ಹೋಳಿಗೆ ಮಾತ್ರ ಹೊಸದು. ಹೊರಡುವವನು ಗೋಡೆಗೆ ಮೊಳೆ ಹೊಡೆಯಬಾರದೆಂಬುದು ನನ್ನ ಸ್ವಂತ ಸೇರ್ಪಡೆ. ಹಾಗಾಗಿ ರೋಹಿಣಿ ಬಡಾವಣೆಯ ನಮ್ಮ ಬಾಡಿಗೆ ಮನೆಯಲ್ಲಿ ಸೀರೆ, ಪುಸ್ತಕ, ರಜಾಯಿಗಳೆಲ್ಲ ರಟ್ಟಿನ ಪೆಟ್ಟಿಗೆಗಳಲ್ಲೇ ವಾಸವಾಗಿದ್ದವು. ಒಂದು ಸ್ವೆಟರ್ ಬೇಕೆಂದರೆ ನನ್ನ ಹೆಂಡತಿ ಶಾರದೆ ಮೂರು ಪೆಟ್ಟಿಗೆ ಇಳಿಸಬೇಕಿತ್ತು.

ಮೆಟ್ರೋ ನಮ್ಮ ಕಡೆಗೆ ಬಂದ ವರ್ಷ ಅವಳು, “ನನಗೆ ಬಾಗಿಲಿರೋ ಮರದ ಬೀರು ಬೇಕು. ಇದು ಮನೆ, ಗೋಡೌನ್ ಅಲ್ಲ” ಎಂದಳು. ನಾನು ಸೋತೆ. ಸೋಲಿನಲ್ಲೂ ಒಂದು ಷರತ್ತು ಹಾಕಿದೆ: ಬೀರು ಮಾಡ್ಯುಲರ್ ಆಗಿರಬೇಕು. ಪೀತಮ್‌ಪುರದ ಅಂಗಡಿಯವನು “ಪೂರಾ ಖುಲ್ ಜಾತಾ ಹೈ, ಸರ್” ಎಂದಾಗ ನನಗೆ ಅದರ ತೇಗದ ಬಣ್ಣವಾಗಲಿ ನುಣುಪಾಗಲಿ ಕಾಣಲಿಲ್ಲ; ಬಿಚ್ಚಬಹುದು ಎಂಬ ಮಾತೊಂದೇ ಸಾಕಾಯಿತು. ನಮ್ಮ ಹಿರಿಯರು ಪೆಟ್ಟಿಗೆಯನ್ನು ಮಗಳ ಜೊತೆ ಕಳಿಸಲು ಮಾಡಿಸುತ್ತಿದ್ದರು, ಬೀರುವನ್ನು ಗೋಡೆಯೊಳಗೇ ಕೂರಿಸುತ್ತಿದ್ದರು. ಒಂದು ಹೋಗುವುದಕ್ಕೆ, ಇನ್ನೊಂದು ಇರುವುದಕ್ಕೆ. ಎರಡನ್ನೂ ಒಂದರಲ್ಲೇ ಕೇಳಿದ ಜಾಣ ಬಹುಶಃ ನಾನೇ.

ವರ್ಷವರ್ಷವೂ ಅಭ್ಯಾಸಬಲದಿಂದ ಕೊಡುತ್ತಿದ್ದ ವರ್ಗಾವಣೆಯ ಅರ್ಜಿ ಈ ಸಲ ಮಂಜೂರಾಗಿಬಿಟ್ಟಿತು. ಮೈಸೂರು. ಒಪ್ಪಿಗೆ ತಿಳಿಸಲು ಒಂದು ವಾರ ಗಡುವು. ಇಲ್ಲೇ ಹುಟ್ಟಿದ ಎಂಟು ವರ್ಷದ ಮಗಳು, “ವಾಪಸ್ ಹೋಗೋದು ನೀವು, ಪಪ್ಪಾ. ಮೈಂ ತೋ ಯಹೀಂ ಕೀ ಹೂಂ” ಎಂದಳು. ಇಲ್ಲಿಯವಳಂತೆ ಅವಳು. ನನಗೆ ಸಂಕಟವಾಯಿತು. ಸಂಕಟವಾದಾಗ ಗಂಡಸರು ಕೆಲಸದವರನ್ನು ಕರೆಸುತ್ತಾರೆ. ನಾನು ಬಡಗಿ ಭಯ್ಯಾನನ್ನು ಕರೆಸಿದೆ.

ಅವನು ಬೀರುವಿನ ಒಂದು ತಿರುಪು ಬಿಚ್ಚಿ, ತೂತಿಗೆ ಬೆರಳಿಟ್ಟು ನೋಡಿ, “ಖುಲ್ ತೋ ಜಾಯೇಗಾ ಸಾಬ್, ಫಿರ್ ಜುಡೇಗಾ ನಹೀಂ” ಎಂದ. ಒಳಗಿರುವುದು ಒತ್ತಿ ಮಾಡಿದ ಮರದ ಪುಡಿ. ತಿರುಪು ಹೊರಬಂದರೆ ಮತ್ತೆ ಬಿಗಿಯಾಗಿ ಕೂರುವುದಿಲ್ಲವಂತೆ.

ಮೋಸಹೋದವನಿಗೆ ಕೋಪ ಬರಬೇಕು. ನನಗೆ ಬಂದದ್ದು ಸಮಾಧಾನ, ಅದೂ ನಾಚಿಕೆಯಾಗುವಷ್ಟು. ಹೋಗುತ್ತೇನೆ ಎನ್ನುತ್ತಲೇ ಇದ್ದವನಿಗೆ ಹೋಗುವ ಮನಸ್ಸಿರಲಿಲ್ಲ. ಹಾಗೆಂದು ಹೇಳುವ ಧೈರ್ಯವೂ ಇರಲಿಲ್ಲ.

“ಬೀರು ಸಾಗಿಸೋಕೆ ಆಗಲ್ವಂತೆ,” ಎಂದೆ ಶಾರದೆಗೆ. “ಅದಕ್ಕೇ ವರ್ಗ ಬೇಡ ಅಂತ ಬರೆದುಬಿಡ್ತೀನಿ.”

“ಪಾಪ, ಬೀರುವಿನ ಮೇಲೆ ಹಾಕಬೇಡಿ,” ಎಂದಳು. “ನಮಗೆ ಇಲ್ಲೇ ಇರೋಕೆ ಇಷ್ಟ ಅಂತ ಬರೀರಿ.”

ಆಫೀಸಿನ ನಮೂನೆಯಲ್ಲಿ ‘ಇಷ್ಟ’ ಎಂಬುದಕ್ಕೆ ಜಾಗವಿರಲಿಲ್ಲ. ‘ಷರಾ’ ಎಂಬಲ್ಲಿ ಅವಳು ಹೇಳಿದ್ದನ್ನೇ ಬರೆದು ರುಜು ಹಾಕಿದೆ. ನನಗನಿಸುತ್ತದೆ, ನಾನು ದೆಹಲಿಗೆ ಬಂದು ತಲುಪಿದ್ದು ಆ ಮಧ್ಯಾಹ್ನ.