ಕಬ್ಬಿಣದ ಸದ್ದಿನಲ್ಲೊಂದು ಕರೆ

ಬೆಳಕು ಹರಿಯುವಷ್ಟರಲ್ಲೇ ನವಿ ಮುಂಬಯಿಯ ಕಳಂಬೋಲಿ ಉಕ್ಕಿನ ಮಾರುಕಟ್ಟೆಯಲ್ಲಿ ಪಕ್ಕದವರ ಮಾತು ಕೇಳಿಸದಷ್ಟು ಗದ್ದಲ. ಲಾರಿಯಿಂದ ಸರಳುಗಳು ಉರುಳುತ್ತವೆ, ಕ್ರೇನು ಕಿರುಗುಟ್ಟುತ್ತದೆ. ಹಮಾಲರ ನಡುವೆ ನಿಂತ ನಾಗವೇಣಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅವರ ಮೊಬೈಲುಗಳನ್ನು ಒಂದೊಂದಾಗಿ ಇಸಿದುಕೊಂಡು ಪರೀಕ್ಷಿಸುತ್ತಾರೆ. ಇದು ಆಫೀಸಿಗೆ ಹೋಗುವ ಮುಂಚಿನ ಕೆಲಸ. ಯಾರೂ ಹೇಳಿದ್ದಲ್ಲ.

ಆ್ಯಪ್ ಮಾಡುವವರೆಂದರೆ ಗಾಜಿನ ಕಟ್ಟಡ, ಕೈಯಲ್ಲಿ ಕಾಫಿ ಎಂದುಕೊಂಡವರು ಇವರನ್ನೊಮ್ಮೆ ನೋಡಬೇಕು. ಅಪ್ಪ ಮಾನಪ್ಪ ರಾಯಚೂರಿನಿಂದ ಬಂದು ಇಲ್ಲೇ ಬೆನ್ನು ಸವೆಸಿದ ಹಮಾಲ. ಇಲ್ಲೇ ಹುಟ್ಟಿ ಓದಿದ ಮಗಳು ರಬಾಳೆಯ ಸಣ್ಣ ಕಂಪನಿಯೊಂದರಲ್ಲಿ ಆ್ಯಪ್ ಬರೆಯುತ್ತಾರೆ. ಕಳೆದ ವರ್ಷ, 2016ರಲ್ಲಿ, ಆ ಕಂಪನಿಗೆ ಇದೇ ಮಾರುಕಟ್ಟೆಯ ವ್ಯಾಪಾರಿಗಳ ಕೆಲಸ ಬಂತು. ಲಾರಿ ಬಂದೊಡನೆ ಹಮಾಲರ ಟೋಳಿಗಳಿಗೆಲ್ಲ, ಅಂದರೆ ಗುಂಪುಗಳಿಗೆಲ್ಲ, ಆ್ಯಪಿನಿಂದ ಮೊಬೈಲಿಗೆ ಕರೆ ಹೋಗಬೇಕು. ಮೊದಲು ಒಪ್ಪಿದ ಟೋಳಿಗೆ ಆ ಲಾರಿ.

ವ್ಯಾಪಾರಿಗಳದು ಐಫೋನ್, ಹಮಾಲರದು ಅಗ್ಗದ ಆಂಡ್ರಾಯ್ಡ್. ಎರಡಕ್ಕೂ ಬೇರೆ ಬೇರೆ ಬರೆಯುವುದೋ, ಒಂದೇ ಸಲ ಬರೆದು ಎರಡರಲ್ಲೂ ಓಡಿಸುವುದೋ? ಒಂದೇ ಸಾಕು ಎಂದವರು ನಾಗವೇಣಿಯೇ. ಆಫೀಸಿನಲ್ಲಿ ಅದು ಚೆನ್ನಾಗಿಯೇ ಓಡಿತು, ಮಾರುಕಟ್ಟೆಯಲ್ಲಿ ಮುಗ್ಗರಿಸಿತು. ಅಗ್ಗದ ಫೋನಿಗೆ ಕರೆ ತಡವಾಗಿ ಬರುತ್ತಿತ್ತು. ಬಂದರೂ ಒಂದು ಸಣ್ಣ ಗುರ್ರ್, ಅಷ್ಟೇ. ಲಾರಿಗಳೆಲ್ಲ ಒಳ್ಳೆಯ ಫೋನಿದ್ದ ಟೋಳಿಗಳ ಪಾಲಾದವು. ಮಾನಪ್ಪನವರ ಟೋಳಿ ಕೆಲಸವಿಲ್ಲದೆ ಕೈಕಟ್ಟಿ ಕೂತಿತು.

“ಅಪ್ಪ ಬೈಲಿಲ್ರೀ. ‘ನಿನ್ನ ಮಶೀನಿಗಿ ನಾವ್ ಕಾಣಂಗಿಲ್ಲೇನವ್ವಾ?’ ಅಂತ ಕೇಳಿದ್ರು, ಬಸ್. ಮರುದಿನಾನೇ ಆಫೀಸಿನಲ್ಲಿ, ಹಮಾಲರಿಗೆ ಬೇರೆನೇ ಬರೀತೀನಿ ಅಂದೆ,” ಎನ್ನುತ್ತಾರೆ ನಾಗವೇಣಿ.

ಕಂಪನಿಯ ಮಾಲೀಕ, ಬೆಂಗಳೂರಿನ ವಸಂತ್ ನಗುತ್ತಲೇ ನೆನೆಯುತ್ತಾರೆ: “ಎರಡು ಕೋಡ್ ಅಂದ್ರೆ ಎರಡು ಸಂಸಾರ ಕಣ್ರೀ. ಏನೇ ಬದಲಾದ್ರೂ ಎರಡು ಕಡೆ ತಿದ್ಬೇಕು. ಯಾರಮ್ಮ ನೋಡ್ಕೊಳ್ಳೋದು ಅಂದೆ. ‘ನಾನೇ, ಸರ್’ ಅಂದ್ಬಿಟ್ರು.”

ವ್ಯಾಪಾರಿಗಳದ್ದನ್ನು ಇದ್ದಂತೆಯೇ ಬಿಟ್ಟು, ಹಮಾಲರದ್ದನ್ನು ನಾಗವೇಣಿ ಆಂಡ್ರಾಯ್ಡಿಗೆಂದೇ ಮೊದಲಿನಿಂದ ಬರೆದರು. ಈಗ ಯಾರಾದರೂ ಒಪ್ಪುವ ತನಕ ಫೋನು ಅಂಗಿಯ ಜೇಬಿನಲ್ಲಿ, ಎದೆಯ ಮೇಲೆ, ನಡುಗುತ್ತಲೇ ಇರುತ್ತದೆ. ಒಪ್ಪಲು ಕೈಗವಸು ಕಳಚಬೇಕಿಲ್ಲ. ಚೀಲದ ಮೇಲಿಂದಲೇ ವಾಲ್ಯೂಮ್ ಗುಂಡಿ ಒತ್ತಿದರಾಯಿತು. ಪ್ರತಿ ತಿದ್ದುಪಡಿಗೂ ಇವರಿಗೆ ಎರಡು ಪಟ್ಟು ದುಡಿಮೆ. ತಪ್ಪಿದ ಕಡೆಗೇ ವಾಪಸು ಬಂದು ನಿಂತ ಈ ಹುಡುಗಿಯನ್ನು ಕಂಡು ನನಗಂತೂ ಹೆಮ್ಮೆಯಾಗುತ್ತದೆ.

ಆ್ಯಪಿನ ಮೇಲಿರುವುದು ವ್ಯಾಪಾರಿಗಳ ಸಂಘದ ಹೆಸರು. ನಿಮ್ಮದು ಎಲ್ಲೂ ಇಲ್ಲವಲ್ಲ, ಬೇಜಾರಿಲ್ಲವೇ ಎಂದು ಕೇಳುತ್ತೇನೆ.

“ಹೆಸರು ತಗೊಂಡು ಏನ್ ಮಾಡ್ಲಿ? ಕರೆ ತಲುಪಿದ್ರೆ ಸಾಕ್ರೀ,” ಎನ್ನುವಷ್ಟರಲ್ಲಿ ಗೇಟಿನಲ್ಲಿ ಲಾರಿಯೊಂದು ತಿರುಗುತ್ತದೆ. ಬೀಡಿ ಹಚ್ಚಲು ಕೂತಿದ್ದ ಮಾನಪ್ಪ ತಟ್ಟನೆ ಎದೆಯ ಮೇಲೆ ಕೈಯಿಟ್ಟು ಗುಂಡಿ ಒತ್ತುತ್ತಾರೆ. ಆಮೇಲೆ ಕ್ರೇನಿನ ಸದ್ದನ್ನೂ ಮೀರಿಸಿ ತಮ್ಮ ಟೋಳಿಗೆ ಕೂಗಿ ಹೇಳುತ್ತಾರೆ:

“ಏಳ್ರೋ, ನನ್ನ ಮಗಳು ಕರ್ಯಾಕತ್ತಾಳ!”