ಕುಡುಕ ಎನಿಸಿಕೊಂಡೇ ಇಳಿದವರು

“ಇಳಿಯೋ ಕೆಳಗೆ! ಬೆಳಬೆಳಿಗ್ಗೇನೇ ಹಾಕ್ಕೊಂಡು ಬಂದೈತೆ ಗಿರಾಕಿ!” ಎಂದು ಕಂಡಕ್ಟರ್ ಕೂಗಿದಾಗ ಹೊಸದುರ್ಗದ ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಕಂಬಳಿ ಹೊದ್ದ ಕುರಿಗಾಹಿಯೊಬ್ಬರು ಕಂಬಿ ಹಿಡಿದು ತೂರಾಡುತ್ತಿದ್ದರು. ಎಲ್ಲರೂ ಹೇಳಿದ ಮಾತ್ರಕ್ಕೆ ನಂಬುವ ಜಾಯಮಾನ ನನ್ನದಲ್ಲ. ಹತ್ತಿರ ಹೋಗಿ ನೋಡಿದೆ. ಹೆಂಡದ ವಾಸನೆಯೇ ಇರಲಿಲ್ಲ. “ಇವರು ಕುಡಿದಿಲ್ಲ” ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರು ನನ್ನ ಕೈಯನ್ನು ಬಲವಾಗಿ ಅದುಮಿ, ತಾವಾಗಿಯೇ ಇಳಿದುಬಿಟ್ಟರು. ನಾನೂ ಇಳಿದೆ.

ಹುಣಸೆಮರದ ಕೆಳಗೆ ಕುಳಿತ ಮೇಲೆ ಮೆಲ್ಲಗೆ ಹೇಳಿದರು: “ಮೂರ್ಛೆರೋಗದ ಗುಳಿಗೆ ಯಜಮಾನ್ರೆ. ಮೊದಲು ಕೊಟ್ಟಿದ್ದು ನುಂಗಿದ್ರೆ ದಿನವೆಲ್ಲ ತೂಕಡಿಕೆ, ಆದ್ರೂ ಬೀಳ್ತಿದ್ದೆ. ಈಗಿನದ್ರಾಗೆ ಬೀಳೋದು ನಿಂತೈತೆ, ಕಾಲು ಮಾತ್ರ ಹಿಡಿತಕ್ಕೆ ಸಿಗಲ್ಲ.”

“ಡಾಕ್ಟರಿಗೆ ಹೇಳಿದರೆ ಗುಳಿಗೆ ಕಡಿಮೆ ಮಾಡುತ್ತಾರಲ್ಲ?” ಎಂದೆ.

“ಮಗಳ ಮದುವೆ ಗೊತ್ತಾಗೈತೆ. ಕಮ್ಮಿ ಮಾಡಿ, ಚಪ್ಪರದಾಗೇ ಬಿದ್ರೆ? ಕುಡುಕನ ಮಗಳನ್ನ ಹೆಂಗೋ ತಗಂತಾರೆ. ಮೂರ್ಛೆಯವನ ಮಗಳನ್ನ ಯಾರು ತಗಂತಾರೆ? ಕುಡುಕ ಅಂತಾನೇ ಇರ್ಲಿ ಬಿಡ್ರಿ.”

ಎರಡು ಗುಳಿಗೆಗಳಲ್ಲಿ ಎರಡನೆಯದೇ ಮೇಲೆಂದು ತೀರ್ಮಾನಿಸಿದ ವೈದ್ಯರಿಗೆ ಈ ಲೆಕ್ಕ ತಿಳಿದಿರಲಾರದು. ಮುಂದಿನ ಬಸ್ಸಿನಲ್ಲಿಯೂ ಜನ ನಕ್ಕರು. ಯಾವ ಸುಳ್ಳನ್ನೂ ಕೇಳಿ ಸುಮ್ಮನಿರದ ನಾನು, ಅವರ ತೋಳು ಹಿಡಿದು ಕೂರಿಸುತ್ತ, “ಸ್ವಲ್ಪ ಜಾಸ್ತಿ ಹಾಕಿದ್ದಾನೆ, ಬಿಡ್ರಿ” ಎಂದೆ. ಅವರು ಕೃತಜ್ಞತೆಯಿಂದ ನನ್ನತ್ತ ನೋಡಿದರು. ಅಂಥ ಕೃತಜ್ಞತೆ ಇನ್ನು ಯಾರಿಂದಲೂ ನನಗೆ ಬೇಡ. ಅವರ ಊರನ್ನು ನಾನಿಲ್ಲಿ ಬರೆಯುತ್ತಿಲ್ಲ.