ಮೂಗಿಗೆ ಅಂಟು ಹಚ್ಚದ ಮೇಸ್ತ್ರಿ

ನಮ್ಮದು ಹಳೆ ಮನೆಗಳನ್ನು ಹೊಸದು ಮಾಡಿಕೊಡುವ ಕಂಪನಿ. ಕಂಪನಿ ಎಂದರೆ ಮೂರೇ ಜನ. ನನ್ನ ಹೆಂಡತಿ ಮಾಲಕಿ, ನನ್ನ ತಮ್ಮ ಟೈಲ್ಸ್ ಮೇಸ್ತ್ರಿ, ನಾನು ಬಣ್ಣ ಬಳಿಯುವವನು. ಬಣ್ಣದ ಕೆಲಸ ಇಲ್ಲದ ದಿನ ಇಬ್ಬರಿಂದಲೂ ಬೈಸಿಕೊಳ್ಳುವುದು ನನ್ನ ಕೆಲಸ.

ತಮ್ಮನ ಕೆಲಸದಲ್ಲಿ ತಪ್ಪು ಹುಡುಕುವ ಹಾಗಿಲ್ಲ. ಆದರೆ ಅವನಿಗೊಂದು ಚಾಳಿ. ಟೈಲ್ಸ್ ಹಾಕುವ ಮೊದಲು ಬರಿ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಆ ಮನೆಯವರ ಚಿತ್ರ ಬರೆಯಲೇಬೇಕು. ಮೂಗು ಇದ್ದದ್ದಕ್ಕಿಂತ ಉದ್ದ, ಕಿವಿ ಇದ್ದದ್ದಕ್ಕಿಂತ ಅಗಲ. ಬರೆದು ನನ್ನನ್ನು ಕರೆಯುತ್ತಾನೆ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತೇವೆ, ಆಮೇಲೆ ಅದರ ಮೇಲೆ ಟೈಲ್ ಕೂರಿಸುತ್ತಾನೆ. ಕೂರಿಸುವಾಗ ಅವನದು ಇನ್ನೊಂದು ಹುಚ್ಚು: ಮುಖಕ್ಕೆ ಅಂಟು ಹಚ್ಚಲು ಅವನಿಗೆ ಮನಸ್ಸು ಬರುವುದಿಲ್ಲ. ಟೈಲ್‌ನ ಅಂಚಿಗಷ್ಟೇ ಕರಣೆಯಿಂದ ಅಂಟು ಬಳಿದು ನಡುವೆ ಖಾಲಿ ಬಿಡುತ್ತಾನೆ. ಕೇಳಿದರೆ, "ಪಾಪ, ಉಸಿರು ಕಟ್ಟುತ್ತಲ್ಲ," ಎನ್ನುತ್ತಾನೆ.

ಒಮ್ಮೆ ಔಷಧಿ ಅಂಗಡಿಯೊಂದರ ಮಾಲೀಕರು, ಟೈಲ್ ಕೂರಿಸುವ ಮೊದಲೇ ಒಳಗೆ ಬಂದು, ಗೋಡೆಯ ಚಿತ್ರದಲ್ಲಿ ತಮ್ಮದೇ ಬೋಳುತಲೆಯ ಮೇಲೆ ಕಾಗೆ ಗೂಡು ಕಟ್ಟಿರುವುದನ್ನು ಕಂಡರು. ನಮ್ಮನ್ನು ಸಾಮಾನು ಸಮೇತ ಬೀದಿಗೆ ಹಾಕಿದರು. ಅಂದು ನನ್ನ ಹೆಂಡತಿ ಮೈದುನನಿಗೆ ಹೇಳಿದಳು, "ಇನ್ನೊಂದ್ಸಲ ಹೀಗಾದ್ರೆ ಕರಣೆ ಕೆಳಗಿಟ್ಟು ಬೇರೆ ಕಡೆ ಕೆಲಸ ನೋಡ್ಕೊ." ಅವಳು ಇಂಥದ್ದನ್ನೆಲ್ಲ ತಮಾಷೆಗೆ ಹೇಳುವವಳಲ್ಲ. ತಮ್ಮನಿಗೋ ಟೈಲ್ಸ್ ಬಿಟ್ಟರೆ ಬೇರೆ ವಿದ್ಯೆ ಗೊತ್ತಿಲ್ಲ, ಅವನ ಚಾಳಿ ಸಹಿಸಿಕೊಂಡು ಕೆಲಸ ಕೊಡುವವರು ಅತ್ತಿಗೆಯ ಹೊರತು ಇನ್ಯಾರೂ ಇಲ್ಲ.

ಇಷ್ಟಾದರೂ ಚಾಳಿ ಬಿಡಬೇಕಲ್ಲ.

ಆಮೇಲೆ ಸಿಕ್ಕಿದ್ದು ಗಣಿತ ಕಲಿಸಿ ನಿವೃತ್ತರಾದ ಟೀಚರೊಬ್ಬರ ಸ್ನಾನದ ಮನೆ. ನಮ್ಮ ಕೆಲಸ ಪರೀಕ್ಷಿಸಲೆಂದೇ ಅವರು ಸ್ವಂತಕ್ಕೊಂದು ರಸಮಟ್ಟ ಕೊಂಡಿದ್ದರು. ನಾವು ಊಟಕ್ಕೆ ಕೂತರೆ ಸಾಕು, ಅದರ ಗುಳ್ಳೆ ನಡುವಿಗೆ ನಿಂತಿದೆಯೇ ಎಂದು ಗೋಡೆಗೆ, ನೆಲಕ್ಕೆ ಹಿಡಿದು ನೋಡುತ್ತಿದ್ದರು.

ಕೆಲಸ ಮುಗಿದ ದಿನ ನನ್ನ ಹೆಂಡತಿಯೂ ಬಂದಿದ್ದಳು. ಟೀಚರ್ ಬೆರಳ ಗೆಣ್ಣಿನಿಂದ ಒಂದೊಂದೇ ಟೈಲ್ ತಟ್ಟುತ್ತ ಬಂದರು. ಠಣ್, ಠಣ್, ಠಣ್. ಕನ್ನಡಿಯ ಪಕ್ಕದ್ದು ಡಬ್ ಎಂದಿತು.

"ಇದು ಟೊಳ್ಳು," ಎಂದರು.

"ಆ ಮೂಲೆ ಸ್ವಲ್ಪ ತಂಪು, ಟೀಚರ್. ಅದಕ್ಕೇ ಶಬ್ದ ಹಾಗೆ," ಎಂದ ತಮ್ಮ.

"ತಂಪಿಗೂ ಶಬ್ದಕ್ಕೂ ಏನಪ್ಪ ಸಂಬಂಧ? ತೆಗಿ ಅದನ್ನ."

ಏನೂ ತಿಳಿಯದ ನನ್ನ ಹೆಂಡತಿ, "ಅವರು ಹೇಳ್ತಿರೋದು ಸರಿ," ಎಂದು ಉಳಿಯನ್ನು ತಾನೇ ಅವನ ಕೈಗಿತ್ತಳು. ತಮ್ಮ ನನ್ನ ಮುಖ ನೋಡಿದ. ನಾನು ಚಾವಣಿ ನೋಡಿದೆ. ಬಣ್ಣದವನಿಗೆ ಚಾವಣಿಯಲ್ಲಿ ನೋಡಲು ಏನಾದರೂ ಇದ್ದೇ ಇರುತ್ತದೆ.

ಟೈಲ್ ಡಬ್ಬಿಯ ಮುಚ್ಚಳದಂತೆ ಕಳಚಿಕೊಂಡಿತು. ಹಿಂದೆ ಟೀಚರ್ ಇದ್ದರು, ಹೊಟ್ಟೆ ಮುಂದೆ, ಕನ್ನಡಕ ಮೂಗಿನ ತುದಿಗೆ. ಮಲಗಿದ್ದ ಬೆಕ್ಕಿನ ಬೆನ್ನ ಮೇಲೆ ರಸಮಟ್ಟ ಇಟ್ಟು ಗುಳ್ಳೆ ನೋಡುತ್ತಿದ್ದರು.

ನಿಜವಾದ ಟೀಚರ್ ಕನ್ನಡಕ ಮೇಲೇರಿಸಿಕೊಂಡು ಬಗ್ಗಿ ನೋಡಿದರು.

"ಮೂಗು ನಂದೇ. ಬೆಕ್ಕೂ ನಂದೇ. ಈ ಹೊಟ್ಟೆ ಯಾರದು?"

"ಕಮ್ಮಿ ಮಾಡ್ತೀನಿ, ಟೀಚರ್."

"ಮಾಡು. ಆಮೇಲೆ ಪೂರ್ತಿ ಅಂಟು ಹಚ್ಚಿ ಮುಚ್ಚು."

ನನ್ನ ಸ್ಯಾಂಡ್ ಪೇಪರ್‌ನಿಂದಲೇ ಹೊಟ್ಟೆ ಕರಗಿತು. ಟೀಚರ್ ನಗುತ್ತಲೇ ನಮ್ಮನ್ನು ಕಳಿಸಿಕೊಟ್ಟರು. ನನ್ನ ಹೆಂಡತಿ ಮಾತ್ರ ನಗಲಿಲ್ಲ.

ಮನೆಗೆ ಬಂದು ಮೇಜು ತೋರಿಸಿದಳು. "ಕರಣೆ ಇಲ್ಲಿಡು."

ತಮ್ಮ ಇಟ್ಟ. ಬರಿಗೈಯಲ್ಲಿ ನಿಂತುಕೊಂಡ.

"ಹೋಗೋ ಮೊದ್ಲು ಒಂದು ಹೇಳು. ಈ ಮನೆ ಅಡುಗೆಮನೆಗೆ ಟೈಲ್ಸ್ ಹಾಕಿದ್ದೂ ನೀನೇ ಅಲ್ವಾ?"

ಅವನು ನೆಲ ನೋಡಿದ. ಅವಳು ಸೌಟು ತೆಗೆದುಕೊಂಡು ಒಲೆಯ ಹಿಂದಿನ ಗೋಡೆ ತಟ್ಟುತ್ತ ಹೋದಳು. ಠಣ್, ಠಣ್. ಕಿಟಕಿಯ ಕೆಳಗೆ, ಡಬ್.

"ಉಳಿ ಕೊಡು."

ತಾನೇ ಎಬ್ಬಿಸಿದಳು. ಗೋಡೆಯಲ್ಲಿ ಅವಳಿದ್ದಳು. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡಿದ್ದಳು. ಒಂದು ಕಂಕುಳಲ್ಲಿ ಕರಣೆ ಹಿಡಿದ ತಮ್ಮ, ಇನ್ನೊಂದರಲ್ಲಿ ನಾನು. ಇಬ್ಬರನ್ನೂ ಎತ್ತಿಕೊಂಡು ಏಣಿ ಹತ್ತುತ್ತಿದ್ದಳು. ಅವಳ ಮೂಗು ಆ ಟೈಲ್‌ನಲ್ಲಿ ಹಿಡಿಸದೆ ಪಕ್ಕದ ಟೈಲ್‌ನ ಹಿಂದಕ್ಕೂ ಹೋಗಿತ್ತು.

ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿ ಬಂತು, ಸೆರಗಿನಿಂದ ಒರೆಸಿಕೊಂಡಳು.

"ಇಷ್ಟು ಭಾರ ಹೊತ್ತಿದ್ದೀನಾ ನಾನು?"

"ಹೊತ್ತಿದ್ದೀರಿ, ಅತ್ತಿಗೆ."

ಅವಳು ಕರಣೆಯನ್ನು ಅವನತ್ತ ತಳ್ಳಿದಳು. "ನಾಳೆ ಬೇಗ ಬಾ. ಕೆಲಸ ಇದೆ."

ಆ ಜಾಗಕ್ಕೆ ಟೈಲ್ ಹಾಕಲು ಅವಳು ಇಂದಿಗೂ ಬಿಟ್ಟಿಲ್ಲ. ಮನೆಗೆ ಬಂದವರನ್ನೆಲ್ಲ ಮೊದಲು ಅಡುಗೆಮನೆಗೇ ಕರೆದುಕೊಂಡು ಹೋಗುತ್ತಾಳೆ. ಅವರು ಚಿತ್ರ ನೋಡುತ್ತಾರೆ, ಆಮೇಲೆ ತಿರುಗಿ ನನ್ನನ್ನು ನೋಡುತ್ತಾರೆ. ಚಿತ್ರದಲ್ಲಿ ತಮ್ಮನ ಕೈಯಲ್ಲಿ ಕರಣೆಯಾದರೂ ಇದೆ. ನಾನು ಬೆರಳು ಚೀಪುತ್ತಿದ್ದೇನೆ.